ಕುಂಕುಮ ಹಚ್ಚಿದ ಕಣ್ಣು

ಶುಕ್ರವಾರ ಪಾಳಿಗೆ ಹೋದವಳು ಮೊದಲು ಮಾಡುವ ಕೆಲಸ ಮೆಷಿನ್ನಿಗೆ ಕುಂಕುಮ ಇಡುವುದು. ಹೊಸೂರಿನ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತು ನನಗೆ ಒಂಬತ್ತು ವರ್ಷವಾಯಿತು. ಆ ವಾರ ಹಳೆಯ ಪ್ರೆಸ್ ತೆಗೆದು ಹೊಸದು ತಂದಿದ್ದರು. ಅದರ ಎರಡೂ ಪಕ್ಕದಲ್ಲಿ ಮೊಳದುದ್ದದ ಹಳದಿ ಕಂಬ, ಕಂಬದುದ್ದಕ್ಕೂ ಕಪ್ಪು ಗಾಜು. ಹೊಸದಾಗಿ ಬಂದದ್ದಕ್ಕೆ ಮರ್ಯಾದೆ ಕಮ್ಮಿಯಾಗಬಾರದೆಂದು ಆ ಗಾಜಿಗೂ ಅರಿಶಿನ ಬಳಿದು, ಕಾಸಗಲ ಕುಂಕುಮ ಇಟ್ಟೆ.

ಪೆಡಲ್ ಒತ್ತಿದರೆ ಮೆಷಿನ್ ಜಪ್ಪಯ್ಯ ಅನ್ನಲಿಲ್ಲ. ಕೆಂಪು ದೀಪ ಹತ್ತಿತು. ನನಗೋ ಮೂಗಿನ ತುದಿಯಲ್ಲೇ ಕೋಪ. "ಪೂಜೆ ಮಾಡಿದ್ದಕ್ಕೆ ಮುನಿಸ್ಕೋತಿಯಾ?" ಎಂದು ಬೈದೆ. ರಿಪೇರಿ ನೋಡಿಕೊಳ್ಳುವ ಹುಡುಗಿ ಕೋಮಲಾ ಓಡಿ ಬಂದವಳು ನಕ್ಕುಬಿಟ್ಟಳು.

"ಆದಿಲಕ್ಷ್ಮಕ್ಕಾ, ಕಣ್ಗೆ ಕುಂಕುಮ ಮೆತ್ತಿದ್ರೆ ಅದು ಹೆಂಗೆ ನೋಡ್ತದೆ?"

ಒಂದು ಕಂಬದಿಂದ ಇನ್ನೊಂದಕ್ಕೆ ಸಾಲುಸಾಲಾಗಿ ಬೆಳಕು ಹರಿಯುತ್ತದಂತೆ. ಟಿ.ವಿ. ರಿಮೋಟಿನಲ್ಲಿ ಇರುವಂಥದ್ದು, ನಮ್ಮ ಕಣ್ಣಿಗೆ ಕಾಣದ್ದು. ನಾನು ನಂಬಲಿಲ್ಲ. ಅವಳು ಕ್ಯಾಂಟೀನಿನ ರಿಮೋಟ್ ತಂದು, ಅದರ ತುದಿಯನ್ನು ತನ್ನ ಫೋನಿನ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿದಳು. ಬರಿಗಣ್ಣಿಗೆ ಏನೂ ಇಲ್ಲ, ಫೋನಿನಲ್ಲಿ ಮಾತ್ರ ನೇರಳೆ ಚುಕ್ಕಿ ಮಿನುಗಿತು.

"ಕೈ ಅಡ್ಡ ಬಂದು ಒಂದೇ ಒಂದು ಎಳೆ ತುಂಡಾದ್ರೂ ಮೆಷಿನ್ ನಿಂತ್ಬುಡ್ತದೆ. ವೈರ್ ಕಿತ್ತೋದ್ರೂ ನಿಲ್ತದೆ. ಅಡ್ಡ ಬಂದಿದ್ದು ಕೈಯೋ ಕುಂಕುಮನೋ ಅದ್ಕೆ ಗೊತ್ತಾಗಕಿಲ್ಲಕ್ಕಾ. ಬೆಳಕು ಆ ಕಡೆ ಸೇರ್ಲಿಲ್ಲ ಅಂದ್ರೆ ಅಪಾಯ ಅಂತ್ಲೇ ಲೆಕ್ಕ."

"ಅನುಮಾನದ ಪಿಶಾಚಿ ಬುಡು," ಎಂದು ಗಾಜು ಒರೆಸಿದೆ.

ನಮ್ಮ ಮನೆಯವರು ಮಾದೇಶ್ ಕೂಡ ಬೇರೊಂದು ಕಡೆ ಪ್ರೆಸ್ಸಿನಲ್ಲೇ ಇದ್ದವರು. ಆ ಮೆಷಿನ್ನಿಗೆ ಕುಂಕುಮವಿತ್ತು, ಕಣ್ಣಿರಲಿಲ್ಲ. ಬಲಗೈಯ ಎರಡು ಬೆರಳು ಅಲ್ಲೇ ಹೋದವು. ಈಗ ನಮ್ಮೂರು ಉದ್ದನಪಲ್ಲಿಯಲ್ಲಿ ಟೊಮೆಟೊ ಬೆಳೆಯುತ್ತಾರೆ. ನಾನು ಕೆಲಸಕ್ಕೆ ಹೊರಟಾಗಲೆಲ್ಲ ನನ್ನ ಕೈ ನೋಡುತ್ತಾರೆ.

ಹೊಸ ಪ್ರೆಸ್ ದಿನಕ್ಕೆ ಹತ್ತು ಸಲ ನಿಲ್ಲುತ್ತಿತ್ತು, ಹತ್ತು ಸಲವೂ ನನ್ನಿಂದ ಬೈಗುಳ ತಿನ್ನುತ್ತಿತ್ತು. ಬುಧವಾರ ಒಂದು ತಗಡು ವಾರೆಯಾಗಿ ಕೂತಿತು. ಕಾಲು ಪೆಡಲ್ ಒತ್ತಿದ್ದೂ, ಹಳೇ ಚಾಳಿಗೆ ಕೈ ಒಳಗೆ ಹೋದದ್ದೂ ಒಟ್ಟಿಗೇ ಆಯಿತು. ಕಣ್ಣು ಮುಚ್ಚಿಕೊಂಡೆ.

ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ, ಕೆಳಗಿಳಿಯುತ್ತಿದ್ದ ಅಚ್ಚು ನನ್ನ ಬೆರಳುಗಳಿಂದ ಒಂದು ಗೇಣು ಮೇಲೆ ನಿಂತಿತ್ತು. ಕೈ ಹಿಂದಕ್ಕೆ ತೆಗೆಯುವುದೂ ಮರೆತುಹೋಗಿತ್ತು. ಕೋಮಲಾಳೇ ಬಂದು ಎಳೆದಳು.

ಸಂಜೆ ಮನೆಯಲ್ಲಿ ಹೇಳಿದೆ. ಅವರು ಉಳಿದ ಮೂರು ಬೆರಳಲ್ಲಿ ನನ್ನ ಕೈ ಹಿಡಿದು, ಒಂದೊಂದೇ ಬೆರಳು ಮುಟ್ಟಿ ನೋಡಿದರು.

"ಐದೂ ಅವೆ ಕಣಮ್ಮಿ," ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಆ ಕಂಬ ಯಾರು ಕಂಡುಹಿಡಿದರೋ ನನಗೆ ಗೊತ್ತಿಲ್ಲ, ಅವರ ಹೊಟ್ಟೆ ತಣ್ಣಗಿರಲಿ.

ಶುಕ್ರವಾರ ಹೊರಟಾಗ ತಮ್ಮ ಹಳೇ ಪಂಚೆಯ ಮೆತ್ತನೆಯ ತುಂಡೊಂದನ್ನು ಮಡಿಸಿ ಕೊಟ್ಟರು. "ಕುಂಕುಮ ಕಬ್ಬಿಣಕ್ಕಿಡು. ಕಣ್ಣನ್ನ ಇದ್ರಲ್ಲಿ ಒರ್ಸು."

ಹಾಗೇ ಮಾಡಿದೆ. ಹಸಿರು ದೀಪ ಹತ್ತಿತು. ಹತ್ತೂ ಬೆರಳು ಜೋಡಿಸಿ ಕೈಮುಗಿದೆ.