ಗುರುತು ಉಳಿಯದಂತೆ

ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕಿನ ಆ ಸಣ್ಣ ಕಂಪನಿಯಲ್ಲಿ ಇದ್ದದ್ದು ಒಂಬತ್ತೇ ಜನ. ಅವರು ಮಾರುತ್ತಿದ್ದದ್ದು ಒಂದೇ ಸಾಫ್ಟ್‌ವೇರ್. ಇಂಟರ್ನೆಟ್ಟಿನಲ್ಲಿ ಹಾಡುಗಳನ್ನು ಬಿಟ್ಟಿಯಾಗಿ ಹಂಚಿಕೊಂಡವರ ಮೇಲೆ ಮ್ಯೂಸಿಕ್ ಕಂಪನಿಗಳು ಕೇಸು ಹಾಕುತ್ತಿದ್ದ ಕಾಲವದು, ೨೦೦೮. ಮಕ್ಕಳು ಏನು ಮಾಡಿಟ್ಟಿದ್ದಾರೋ ಎಂದು ಹೆದರಿದ ಅಪ್ಪ ಅಮ್ಮಂದಿರು ಅದನ್ನು ಕೊಳ್ಳುತ್ತಿದ್ದರು. ಕಂಪ್ಯೂಟರನ್ನೆಲ್ಲ ಜಾಲಾಡಿ, ದುಡ್ಡು ಕೊಟ್ಟು ಕೊಳ್ಳದ ಹಾಡುಗಳನ್ನು ಹುಡುಕಿ ಅಳಿಸುವುದು ಅದರ ಕೆಲಸ. ಅಳಿಸಿದ ಜಾಗದ ಮೇಲೆ ಮತ್ತೆ ಮತ್ತೆ ಕಸ ಬರೆದು, ವಕೀಲರು ಕರೆತರುವ ಯಾವ ಕಂಪ್ಯೂಟರ್ ತಜ್ಞನಿಗೂ ಗುರುತು ಸಿಗದಂತೆ ಮಾಡುವ ಭಾಗವನ್ನು ಬರೆದವಳು ಊರ್ಮಿಳಾ. ಅದರ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು.

ಲಾ ಹೋಯಾದ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಗ ಅವಳು ಎರಡು ವರ್ಷ ಅಲ್ಲೇ ಹತ್ತಿರ, ಸ್ಯಾನ್ ಡಿಯಾಗೋದ ಉಮಾಶಂಕರ ಅವರ ಮನೆಯಲ್ಲಿ ಬಾಡಿಗೆಗೆ ಇದ್ದಳು. ಬಾಡಿಗೆ ಎನ್ನುವುದು ಹೆಸರಿಗೆ ಮಾತ್ರ. ಉಮಾಶಂಕರರ ಹೆಂಡತಿ ಇಂದಿರಾ, ಧಾರವಾಡದ ಕಡೆಯವರು, ಪರೀಕ್ಷೆಯ ದಿನಗಳಲ್ಲಿ ರೊಟ್ಟಿ ಪಲ್ಯದ ತಟ್ಟೆಯನ್ನು ಮೇಜಿನ ಮೇಲಿಟ್ಟು, ಅವಳು ತಿನ್ನುವವರೆಗೂ ಕದಲುತ್ತಿರಲಿಲ್ಲ. ಊರ್ಮಿಳಾ ಕೆಲಸ ಸಿಕ್ಕು ಲಾಸ್ ಏಂಜಲೀಸಿಗೆ ಹೋದ ವರ್ಷವೇ ಇಂದಿರಾಗೆ ಕ್ಯಾನ್ಸರ್ ಕಾಣಿಸಿತು. ಹನ್ನೊಂದು ತಿಂಗಳಲ್ಲಿ ಅವರು ಹೋಗಿಬಿಟ್ಟರು. ಉಳಿದವರು ಉಮಾಶಂಕರ ಮತ್ತು ಹದಿನೈದರ ಮಗಳು ನಿಹಾರಿಕಾ.

ಆ ಮಾರ್ಚಿನಲ್ಲಿ ಉಮಾಶಂಕರ ಫೋನ್ ಮಾಡಿದರು. "ನಿಹಾರಿಕಾನ ಗೆಳತಿ ಮನಿಗೆ ವಕೀಲರ ಕಾಗದ ಬಂದದವಾ. ಇಬ್ಬರೂ ಕೂಡೇ ಹಾಡು ಇಳಿಸ್ಯಾರ. ನನಗ ರಾತ್ರಿ ನಿದ್ದಿ ಇಲ್ಲ."

"ನಾನೇ ಬರ್ತೀನಿ ಅಂಕಲ್. ನಮ್ಮ ಸಾಫ್ಟ್‌ವೇರೇ ತರ್ತೀನಿ."

ಶನಿವಾರ ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋದಳು. ನಿಹಾರಿಕಾ ಈಜಿನ ಪ್ರಾಕ್ಟೀಸಿಗೆ ಹೋಗಿದ್ದಳು. ಊರ್ಮಿಳಾ ಮನೆಯ ಕಂಪ್ಯೂಟರಿಗೆ ಸಿಡಿ ಹಾಕಿದಳು. ಪರದೆಯ ಮೇಲೆ ಸಾವಿರಕ್ಕೂ ಮಿಕ್ಕಿ ಹೆಸರುಗಳ ಪಟ್ಟಿ ಬಂತು.

"ಒಮ್ಮೆ ಎಲ್ಲಾ ನೋಡೂಣೇನು?" ಎಂದರು ಉಮಾಶಂಕರ.

"ಬೇಡ ಅಂಕಲ್, ಎಲ್ಲಾ ಡೌನ್‌ಲೋಡ್ ಮಾಡಿದ್ದೇ," ಎಂದು ಊರ್ಮಿಳಾ ಬಟನ್ ಒತ್ತಿದಳು. ನಲವತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಉಮಾಶಂಕರ ಚಹಾ ಮಾಡಿಕೊಟ್ಟರು. ವಾರದಲ್ಲಿ ಮೊದಲ ಸಲ ಎದೆ ಹಗುರಾಯಿತು ಎಂದರು.

ಒದ್ದೆ ಕೂದಲಲ್ಲಿ ಮನೆಗೆ ಬಂದ ನಿಹಾರಿಕಾ ತನ್ನ ಪುಟ್ಟ ಮ್ಯೂಸಿಕ್ ಪ್ಲೇಯರನ್ನು ಚಾರ್ಜ್ ಮಾಡಲೆಂದು ಕಂಪ್ಯೂಟರಿಗೆ ಚುಚ್ಚಿದಳು. ಕಂಪ್ಯೂಟರಿನಲ್ಲಿ ಏನಿದೆಯೋ ಅದನ್ನೇ ಇಟ್ಟುಕೊಳ್ಳುವುದು ಆ ಪ್ಲೇಯರಿನ ಅಭ್ಯಾಸ. ಅದೂ ಖಾಲಿಯಾಯಿತು. ಅವಳು ಕೂಗಿಕೊಂಡದ್ದು ಕೇಳಿ ಇಬ್ಬರೂ ಓಡಿದರು.

"ವೇರ್ ಇಸ್ ಅಮ್ಮ?" ಎಂದಳು ಹುಡುಗಿ. "ಅಮ್ಮನ ಹಾಡು ಎಲ್ಲಿ?"

ಆಗ ಗೊತ್ತಾಯಿತು. ಇಂದಿರಾ ಹಾಸಿಗೆ ಹಿಡಿದಾಗ, ಅಪ್ಪ ಆಫೀಸಿಗೆ ಹೋದ ಮೇಲೆ, ಮಗಳು ಮೈಕು ಹಿಡಿದು ಅವರ ಹಾಡುಗಳನ್ನು ರೆಕಾರ್ಡ್ ಮಾಡಿದ್ದಳು. ಬೀಸುವ ಪದ, ತೊಟ್ಟಿಲ ಪದ, ಹತ್ತೊಂಬತ್ತು ಹಾಡು. ನಡುನಡುವೆ ಕೆಮ್ಮು, "ನೀರು ಕೊಡು ಪುಟ್ಟಿ" ಎನ್ನುವುದು, ನಗು. ಪ್ಲೇಯರಿಗೆ ಹಾಕಿಕೊಳ್ಳಲು ಸುಲಭವೆಂದು ಮಿಕ್ಕ ಹಾಡುಗಳ ಜೊತೆಗೇ ಇಟ್ಟಿದ್ದಳು. ಅಪ್ಪ ಅತ್ತಾರೆಂದು ಅವರಿಗೂ ಹೇಳಿರಲಿಲ್ಲ.

ಉಮಾಶಂಕರ ಪರದೆಯ ಹತ್ತಿರ ಹೋದರು. "ಅಕಿ ದನಿ ಮನ್ಯಾಗ ಇತ್ತಾ?" ಎಂದರು. "ಒಂದೂವರಿ ವರ್ಷ ನಮ್ಮ ಮನ್ಯಾಗ ಇತ್ತಾ?"

ಆ ದನಿಯನ್ನು ಅವರು ಒಮ್ಮೆಯೂ ಕೇಳಿರಲಿಲ್ಲ.

ಊರ್ಮಿಳಾ ಅಂದೇ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಹೋದಳು. ಅಳಿಸಿದ್ದನ್ನು ಮರಳಿ ತೆಗೆಯುವ ಅಂಗಡಿಗಳಿಗೆ, ಮೂರು ಕಡೆ, ಅಲೆದಳು. ಮೂರನೆಯವನು ವಯಸ್ಸಾದವನು, ನಾಲ್ಕು ದಿನ ಇಟ್ಟುಕೊಂಡು ನೋಡಿದ. "ಇದನ್ನು ಬರೆದವರು ಕೆಲಸ ಬಲ್ಲವರು. ಒಂದು ಚೂರೂ ಬಿಟ್ಟಿಲ್ಲ," ಎಂದು ಮೆಚ್ಚಿ ಹೇಳಿದ. ಅವಳು ಕಾರಿನಲ್ಲಿ ಕೂತು, ಪಾರ್ಕಿಂಗ್ ಮೀಟರಿನ ಹೊತ್ತು ಮೀರುವವರೆಗೂ ಅತ್ತಳು.

ಪಟ್ಟಿಯಲ್ಲಿ ಒಂದೊಂದನ್ನೂ ಕೇಳಿಸಿ, ಆಮೇಲೆ ಅಳಿಸುವಂತೆ ಮಾಡೋಣ ಎಂದು ಆಫೀಸಿನಲ್ಲಿ ಹೇಳಿದಳು. ಹೆದರಿದವರಿಗೆ ಬೇಗ ಮುಗಿಯಬೇಕು, ಕೇಳುತ್ತಾ ಕೂರುವ ವ್ಯವಧಾನ ಯಾರಿಗಿದೆ ಎಂದರು ಅಲ್ಲಿನವರು. ಜೂನಿನಲ್ಲಿ ಅವಳು ಕೆಲಸ ಬಿಟ್ಟಳು. ವೀಸಾ ಉಳಿಸಿಕೊಳ್ಳಲು ಬೇರೆ ಕೆಲಸ ಹುಡುಕುವ ಪರದಾಟದಲ್ಲೂ ತಪ್ಪದೆ ಸ್ಯಾನ್ ಡಿಯಾಗೋಗೆ ಹೋಗುತ್ತಿದ್ದಳು. ಉಮಾಶಂಕರ ಎಂದಿನಂತೆ "ಬಾರವಾ" ಎನ್ನುತ್ತಿದ್ದರು. ನಿಹಾರಿಕಾ ಕಾರಿನ ಸದ್ದು ಕೇಳಿದೊಡನೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಅವರ ಮನೆಗೆ ವಕೀಲರ ಕಾಗದ ಬರಲೇ ಇಲ್ಲ. ಆ ಡಿಸೆಂಬರಿನಲ್ಲಿ, ಮನೆಮಂದಿಯ ಮೇಲೆ ಹೊಸದಾಗಿ ಕೇಸು ಹಾಕುವುದನ್ನು ಬಿಡುತ್ತಿದ್ದೇವೆ ಎಂದು ಮ್ಯೂಸಿಕ್ ಕಂಪನಿಗಳ ಸಂಘ ಹೇಳಿತು. ಉಮಾಶಂಕರ ಆ ಸುದ್ದಿಯನ್ನು ಓದಿ, ಪೇಪರನ್ನು ಮಡಿಸಿ ಕೆಳಗಿಟ್ಟರು.

ಹೊಸ ವರ್ಷದ ಮರುದಿನ ಊರ್ಮಿಳಾ ಬಂದಿದ್ದಾಗ ನಿಹಾರಿಕಾ ತಾನಾಗಿಯೇ ರೂಮಿನಿಂದ ಹೊರಗೆ ಬಂದಳು. ಊರ್ಮಿಳಾಳ ಎದುರು ನಿಂತು, "ಒಂದು ಹಾಡು ಹೇಳ್ತೀನಿ. ಮುಂದಿನದು ನಿಮಗೆ ಗೊತ್ತಾ?" ಎಂದಳು. ಅವಳು ಇಷ್ಟು ಕನ್ನಡ ಒಟ್ಟಿಗೆ ಆಡಿದ್ದನ್ನು ಊರ್ಮಿಳಾ ಕೇಳಿದ್ದು ಅದೇ ಮೊದಲು. ಹುಡುಗಿ ತೊಟ್ಟಿಲ ಪದದ ಎರಡು ಸಾಲು ಹಾಡಿದಳು. ಮೂರನೆಯದಕ್ಕೆ ತಡವರಿಸಿದಳು.

ಅಡುಗೆಮನೆಯಿಂದ ಉಮಾಶಂಕರ ಮೂರನೆಯ ಸಾಲನ್ನು ಹೇಳಿಕೊಟ್ಟರು. ಅದನ್ನು ತಮ್ಮವ್ವ ಸೊಸೆಗೆ ಕಲಿಸಿದ್ದರೆಂದರು. ನಿಹಾರಿಕಾ ಮೊದಲಿನಿಂದ ಪೂರ್ತಿ ಹಾಡಿದಳು. ಸಾಲುಗಳೆಲ್ಲ ಸರಿಯಾಗಿದ್ದವು.

"ಇದು ಅಮ್ಮ ಅಲ್ಲ," ಎಂದಳು.

"ಅಲ್ಲ," ಎಂದಳು ಊರ್ಮಿಳಾ. "ನಾನು ನೋಡದೆ ಒತ್ತಿದೆ, ನಿಹಾರಿಕಾ."

"ಐ ನೋ," ಎಂದಳು ಹುಡುಗಿ. ಅಷ್ಟು ಹೇಳಿ, ಸೋಫಾದ ಇನ್ನೊಂದು ತುದಿಯಲ್ಲಿ ಕಾಲು ಮಡಚಿಕೊಂಡು ಕೂತಳು. ಬಾಗಿಲು ಹಾಕಿಕೊಳ್ಳಲು ಮಾತ್ರ ಹೋಗಲಿಲ್ಲ.