ಹಗ್ಗ ಹಿಡಿದವನ ಉಸಿರು

ಮೂಗಿಗೆ ಹಾಕಿದ ಕ್ಲಿಪ್ಪು ಒಗೆದ ಬಟ್ಟೆಗೆ ಸಿಗಿಸುವಂಥದ್ದೇ, ಬಣ್ಣ ಮಾತ್ರ ಬೇರೆ, ಹಿಸುಕಿದ ಮೂಗಿನೊಳಗೆ ಸ್ಪಿರಿಟ್ಟಿನ ವಾಸನೆ ಸಿಕ್ಕಿಕೊಂಡಿದೆ, ಹೊರಗೂ ಹೋಗದು ಒಳಗೂ ಇಳಿಯದು, ಊದ್ರಿ ಕಾಕಾ, ಜೋರ್ ಊದ್ರಿ, ಇನ್ನಾ, ಇನ್ನಾ, ಪೂರಾ ಖಾಲಿ ಮಾಡ್ರಿ ಎಂದು ನರ್ಸ್ ಸಪ್ನಾ ಕುಸ್ತಿ ಕಣದ ದಂಡೆಯಲ್ಲಿ ನಿಂತವರ ಹಾಗೆ ಕೂಗುತ್ತಿದ್ದಾಳೆ, ಶಟ್ಟೆಪ್ಪ ರಟ್ಟಿನ ಕೊಳವೆ ಕಚ್ಚಿಕೊಂಡು ಊದುತ್ತಾನೆ, ಕುತ್ತಿಗೆಯ ನರ ಎದ್ದು ನಿಲ್ಲುತ್ತದೆ, ಕಣ್ಣು ಕೆಂಪಾಗುತ್ತದೆ, ಆದರೆ ಕೊನೆಯ ಒಂದು ಹಿಡಿ ಉಸಿರು ಪಕ್ಕೆಲುಬಿನ ಕೆಳಗೆ ಬಾಗಿಲು ಹಾಕಿಕೊಂಡು ಕೂತುಬಿಡುತ್ತದೆ, ಏನು ಮಾಡಿದರೂ ಬರುವುದಿಲ್ಲ — ನೀರಿಗಿಳಿಯುವವನು ಅದನ್ನು ಯಾರಿಗೂ ಕೊಡಬಾರದು, ಅದು ಮೇಲೆ ಬರುವ ದಾರಿಯ ಬುತ್ತಿ ಎಂದು ಅಪ್ಪ ಹೇಳಿದ್ದ, ಹೊಳೆ ಕಲಿಸಿದ ಅಪ್ಪ, ಆ ಮಾತನ್ನು ಈ ಮಷೀನಿಗೆ ಯಾರು ತಿಳಿಸಿ ಹೇಳಬೇಕು? ಮೂರು ಸಲ ಊದಿದ್ದಾಯಿತು. ಮೂರು ಪಾಯಿಂಟ್ ಎಂಟು ಲೀಟರ್ ಎಂದು ಡಾಕ್ಟರರು ತಲೆ ಎತ್ತದೆಯೇ ಬರೆದುಕೊಂಡರು, ಹೋದ ವರ್ಸಾನೂ ಇಷ್ಟ ಐತಿ, ನಡೀತೈತಿ, ಕಿವಿ ಛಲೋ ಅದಾವು, ಹೊರಗ ಕುಂಡ್ರಿ, ಕಾಗದ ಕೊಡತೇವಿ. ನಡೆಯುತ್ತದಂತೆ, ಇವನ ಎದೆ ನಡೆಯುತ್ತದೆ. ನೀರಿನೊಳಗೆ ಕೆಲಸ ಮಾಡುವವರ ಕಿವಿಯಲ್ಲಿ ಬ್ಯಾಟರಿ ಬಿಟ್ಟು ನೋಡಿ, ಎದೆಯ ಫೋಟೋ ತೆಗೆದು, ಮೆಟ್ಟಿಲು ಹತ್ತಿಸಿ ಇಳಿಸಿ, ಫಿಟ್ ಎಂದು ಬರೆದ ಕಾಗದ ಕೈಗೆ ಬಂದರೆ ಮಾತ್ರ ಗುತ್ತಿಗೆದಾರ ಹೊಳೆಯ ದಂಡೆಗೆ ಬಿಟ್ಟುಕೊಳ್ಳುತ್ತಾನೆ, ಹೋದ ವರ್ಷದಿಂದ ಶುರುವಾದ ಕಾಯಿದೆ, ಇವನನ್ನು ಉಳಿಸಲೆಂದೇ ಮಾಡಿದ ಕಾಯಿದೆ, ಯಾರನ್ನು ಬೈಯುವುದು. ಬೈಲಹೊಂಗಲದ ಈ ದವಾಖಾನೆಗೆ ಹೋದ ವರ್ಷ ಸಂಗೊಳ್ಳಿಯಿಂದ ಇಬ್ಬರು ಬಂದಿದ್ದರು, ಇವತ್ತು ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು, ಯಾರೋ ಹೆಣ್ಣುಮಗಳು ಮೆಂತ್ಯದ ಗಂಟು ಇಟ್ಟಳು, ಇಲ್ಲಿ ಮಂದಿ ಅದಾರ ಎನ್ನಬೇಕೆಂದು ಬಾಯಿಗೆ ಬಂದು ನಿಂತುಬಿಟ್ಟಿತು.

ಬೆಂಚಿನ ಮೇಲೆ ಹತ್ತು ಹನ್ನೆರಡು ಮಂದಿ, ಮುನವಳ್ಳಿ ಕಡೆಯವರು, ರಾಮದುರ್ಗದವರು, ಎಲ್ಲರ ಕೈಯಲ್ಲೂ ಒಂದೊಂದು ಚೀಟಿ, ಗೋಡೆಯ ಫ್ಯಾನು ಕಟಕಟ ಎನ್ನುತ್ತದೆ, ಹೋದ ವರ್ಷ ಈ ತುದಿಯಲ್ಲೇ ಗೌಸಸಾಬ ಕೂತಿದ್ದ, ಮುಖ ಸುಣ್ಣದ ಹಾಗೆ ಬಿಳುಚಿತ್ತು, ಶಟ್ಯಾ, ನಂದು ದಮ್ಮಿನ ಎದಿ, ನಾ ಊದಿದ್ರ ಪುಂಗಿ ಸೈತ ಮಾತಾಡೂದಿಲ್ಲ, ಇದು ಮಷೀನಪಾ. ಇಪ್ಪತ್ತೆರಡು ವರ್ಷ ಕೂಡಿ ದುಡಿದವರು, ಇವನದು ನೀರಿನ ಕೆಳಗಿನ ಕೆಲಸ, ಅವನದು ಮೇಲಿನದು, ಮಲಪ್ರಭೆಯ ಮಗ್ಗುಲಿಗೆ ಊರೂರಿಗೆ ಕುಡಿಯುವ ನೀರೆತ್ತುವ ಜಾಕ್‌ವೆಲ್ಲು, ಆಳದ ಬಾವಿ, ಅದರ ತಳದ ಜಾಳಿಗೆಗೆ ಬಳ್ಳಿ, ಪ್ಲಾಸ್ಟಿಕ್ಕು, ಹೊಳೆಗೆ ಬಿಟ್ಟ ಸೀರೆ ಸುತ್ತಿಕೊಂಡರೆ ನಲ್ಲಿಗಳು ಒಣಗುತ್ತವೆ, ಆಗ ಇವರಿಗೆ ಫೋನು, ಇವನು ಸೊಂಟಕ್ಕೆ ಹಗ್ಗ ಬಿಗಿದು ಉಸಿರು ಕಟ್ಟಿ ಮುಳುಗುತ್ತಾನೆ, ಅವನು ಮೇಲೆ ಹಗ್ಗ ಹಿಡಿಯುತ್ತಾನೆ. ಹಗ್ಗ ಹಿಡಿದವನೂ ಮುಳುಗಿದವನ ಜೊತೆಗೇ ಉಸಿರು ಕಟ್ಟಬೇಕು, ಅಪ್ಪನ ಕಾಲದಿಂದ ಬಂದ ಪದ್ಧತಿ, ತನಗೆ ಸಾಕೆನಿಸಿದ ಗಳಿಗೆಗೆ ಎಳೆಯಬೇಕು, ಗಡಿಯಾರ ಗಿಡಿಯಾರ ಯಾರಿಗೂ ಬೇಕಿರಲಿಲ್ಲ. ಗೌಸಸಾಬನಿಗೆ ಬೇಗ ಸಾಕಾಗುತ್ತಿತ್ತು. ಕೈಯಲ್ಲಿ ಇನ್ನೂ ಬಳ್ಳಿ ಇರುವಾಗಲೇ ಸೊಂಟ ಜಗ್ಗುತ್ತಿತ್ತು, ಇವನು ಮೇಲೆ ಬಂದವನೇ ಉರಿದು ಬೀಳುತ್ತಿದ್ದ, ಇಷ್ಟ ಲಗೂ ಯಾಕ ಎಳದೀಯೋ, ಇನ್ನೊಂದ್ ಹಿಡಿ ಉಳದಿತ್ತಲ್ಲ, ಮತ್ತ ಮುಳಗಬೇಕು. ಅವನು ಏದುತ್ತ ನಗುತ್ತಿದ್ದ, ನನ್ನ ಉಸರ ಇದ್ದಷ್ಟ ನಿನ್ನ ಆಯುಷ್ಯ, ಸುಮ್ನ ಮ್ಯಾಲ ಬಾರಲೇ. ಇಪ್ಪತ್ತೆರಡು ವರ್ಷ ಅವನನ್ನು ಬೈಯುತ್ತ ಬದುಕಿದ ಇವನಿಗೆ, ಆ ಗಿಡ್ಡ ಉಸಿರಿನ ಪುಣ್ಯದಿಂದಲೇ ತಾನು ಬದುಕಿದ್ದು ಎಂಬುದು ಆಗ ಹೊಳೆಯಲಿಲ್ಲ. ಆವತ್ತು ಈ ಬೆಂಚಿನ ಮೇಲೆ ಹೊಳೆದದ್ದೆಲ್ಲ ಬೇರೆ, ಹಗ್ಗ ಜಗ್ಗಾಕ ಎದಿ ಯಾಕ ಬೇಕೋ, ಇವ್ರಿಗೆ ಕಾಗದ ಬೇಕು, ಅಂಗಿ ಬಿಚ್ಚು ಅತ್ತಾಗ ಎಂದು ಶಟ್ಟೆಪ್ಪನೇ ಹೇಳಿದ, ಪಾಯಖಾನೆಯ ಹಿಂದೆ ಅಂಗಿ ಬದಲಾಯಿಸಿದರು, ಇಬ್ಬರ ಮುಖಕ್ಕೂ ಮಾಸ್ಕು, ಕ್ಯಾಂಪಿನ ಗದ್ದಲ, ಗೌಸಸಾಬ ಎಂದು ಕೂಗಿದಾಗ ಶಟ್ಟೆಪ್ಪ ಎದ್ದು ಹೋದ. ತನ್ನ ಹೆಸರಿಗೆ ಊದುವಾಗ ಬಾರದ ಆ ಕೊನೆಯ ಹಿಡಿ ಉಸಿರು ಗೆಳೆಯನ ಹೆಸರಿಗೆ ತಾನಾಗಿಯೇ ಬಂದುಬಿಟ್ಟಿತು, ಈಗಲೂ ತಿಳಿಯದು ಹೇಗೆ ಬಂತೋ, ಒಳಗೆ ಏನೂ ಉಳಿಯಲಿಲ್ಲ, ತಲೆ ಗಿರ್ರೆಂದಿತು, ನಾಲ್ಕು ಪಾಯಿಂಟ್ ಆರು, ಡಾಕ್ಟರರು ಬೆನ್ನು ತಟ್ಟಿದರು, ಭೇಷ್, ಇದಪಾ ಎದಿ ಅಂದ್ರ. ಹೊರಗೆ ಬಂದು ಇಬ್ಬರೂ ಮಿರ್ಚಿ ಭಜಿ ತಿಂದರು, ನಕ್ಕು ನಕ್ಕು ಗೌಸಸಾಬನಿಗೆ ಕೆಮ್ಮು ಹತ್ತಿತು, ದೇವರೇ, ಎಷ್ಟು ನಕ್ಕಿದ್ದರು.

ನಗೆಯ ಬೆನ್ನಿಗೇ ಅಳು ಎನ್ನುತ್ತಾರಲ್ಲ, ತಿಂಗಳೂ ತುಂಬಿರಲಿಲ್ಲ, ಜಾಕ್‌ವೆಲ್ಲಿಗೆ ಹೊಸದಾಗಿ ಬಂದ ಸೂಪರ್‌ವೈಜರ್ ಇಬ್ಬರ ಕಾಗದ ಇಸಿದುಕೊಂಡು ಓದಿದ, ಶಟ್ಟೆಪ್ಪಂದು ಮೂರು ಎಂಟು, ಗೌಸಸಾಬಂದು ನಾಕು ಆರು, ಏನ್ರೀ ಇದು, ಉಸರ ಜಾಸ್ತಿ ಇದ್ದಾಂವ ಇಳೀಬೇಕು, ಕಡಿಮಿ ಇದ್ದಾಂವ ಹಗ್ಗ ಹಿಡೀಬೇಕು, ಇಷ್ಟ ದಿನಾ ಉಲ್ಟಾ ಮಾಡೀರಿ? ತಪ್ಪೇನಿದೆ ಅವನ ಮಾತಿನಲ್ಲಿ, ಕಾಗದ ಹೇಳಿದ್ದನ್ನು ಹೇಳಿದ. ಗೌಸಸಾಬ ಇವನ ಕಡೆ ನೋಡಿದ, ಇವನು ಅವನ ಕಡೆ ನೋಡಿದ, ನಿಜ ಹೇಳಿದರೆ ಇಬ್ಬರ ಕೆಲಸವೂ ಹೊಳೆಯ ಪಾಲು, ಊರಿಗೆಲ್ಲ ಬುದ್ಧಿ ಹೇಳುವ ಶಟ್ಟೆಪ್ಪನ ನಾಲಿಗೆ ಆವತ್ತು ಹಲ್ಲಿನ ಹಿಂದೆ ಅಡಗಿಕೊಂಡಿತು, ಒಂದ್ ಮುಳುಗ ಅಷ್ಟ ಅಲ್ಲನ, ಹೋಗಿ ಬಂದಬಿಡತೇನಿ ಎಂದು ಗೌಸಸಾಬನೇ ಅಂಗಿ ಬಿಚ್ಚಿದ, ಸೊಂಟಕ್ಕೆ ಹಗ್ಗವನ್ನು ಇವನೇ ಕಟ್ಟಿದ್ದು, ಈ ಕೈಯಿಂದಲೇ, ಎರಡು ಗಂಟು. ಅವನು ಮುಳುಗಿದ. ಇವನು ಉಸಿರು ಕಟ್ಟಿದ. ಪದ್ಧತಿಯ ಪ್ರಕಾರವೇ ಕಟ್ಟಿದ, ಕಣ್ಣು ಹಗ್ಗದ ಮೇಲೆ, ಮನಸ್ಸು ಎದೆಯ ಮೇಲೆ, ಎದೆ ಇನ್ನೂ ಬೇಕಾದಷ್ಟಿದೆ ಎಂದಿತು, ಆರಾಮ ಇತ್ತು, ಆರಾಮ ಇತ್ತು ಇವನಿಗೆ, ಬಾವಿಯ ಕಟ್ಟೆಯ ಬಿಸಿಲಲ್ಲಿ ನಿಂತು ಗೆಳೆಯನ ಆಯುಷ್ಯವನ್ನು ತನ್ನ ಉಸಿರಿನಿಂದ ಅಳೆಯುತ್ತಿದ್ದ, ಗೌಸಸಾಬನ ಎದೆ ಇದರ ಅರ್ಧ ದಾರಿಯಲ್ಲೇ ಮುಗಿಯುತ್ತದೆಂದು ಇಪ್ಪತ್ತೆರಡು ವರ್ಷ ಬೈದು ಬೈದು ಗೊತ್ತಿದ್ದವನು. ಸಾಕೆನಿಸಿದಾಗ ಎಳೆದ. ಹಗ್ಗ ಭಾರವಾಗಿ ಬಂತು. ಕಾಂಕ್ರೀಟಿನ ಮೇಲೆ ಮಲಗಿಸಿ ಬಾಯಿಗೆ ಬಾಯಿಟ್ಟು ಊದಿದ, ನರೆತ ಕೂದಲಿನ ಬರಿಯ ಎದೆ ಮೇಲೆದ್ದಿತು, ಬಂತು, ಉಸರ ಬಂತು, ಗೌಸ್ಯಾಗ ಉಸರ ಬಂತು ಎಂದು ಚೀರಿದ, ಬಾಯಿ ತೆಗೆದೊಡನೆ ಎದೆ ಇಳಿಯಿತು. ಮತ್ತೆ ಊದಿದ, ಮತ್ತೆ ಎದ್ದಿತು. ಎಷ್ಟು ಸಲವೋ. ಆ ದಿನದಿಂದ ಊಟಕ್ಕೆ ಕೂತರೆ, ಎತ್ತಿಗೆ ನೀರು ಕುಡಿಸುತ್ತ ನಿಂತರೆ, ಕಣ್ಣ ಮುಂದೆ ಆ ಎದೆ ಏಳುತ್ತದೆ.

ಆ ಕಾಗದವನ್ನು ಗೌಸಸಾಬನ ಹೆಂಡತಿ ಕಾಶಿಂಬಿ ನಿಕಾದ ಕಾಗದದ ಜೊತೆಗೆ ಟ್ರಂಕಿನಲ್ಲಿಟ್ಟಿದ್ದಾಳೆ, ಬಂದವರಿಗೆಲ್ಲ ಬಿಚ್ಚಿ ತೋರಿಸುತ್ತಾಳೆ, ನೋಡ್ರಿ ಯಪ್ಪಾ, ಫಿಟ್ ಅಂತ ಬರದಾರ, ಎಲ್ಲಾರಕಿಂತ ಛಲೋ ಎದಿ ನಮ್ಮವರದು. ಸತ್ತ ನಲವತ್ತನೆಯ ದಿನ, ಚಾಳೀಸಾದ ದಿನ, ಮಂದಿಯ ನಡುವೆ ಎದ್ದು ನಿಂತು ಶಟ್ಟೆಪ್ಪಣ್ಣ ತಡಾ ಮಾಡಿ ಎಳದ ಎಂದವಳು ಆಮೇಲೆ ಇವನ ಮುಖ ನೋಡಿರಲಿಲ್ಲ, ನಿನ್ನೆ ಸಂಜೆ ತಾನಾಗಿ ಬಂದು ಹೊಸ್ತಿಲ ಹೊರಗೇ ನಿಂತಳು, ಒಳಗ ಬರ್ರಿ ವೈನಿ ಎಂದರೆ ಬರಲಿಲ್ಲ, ನಾಳಿ ದವಾಖಾನಿಗೆ ಹೊಂಟೀಯಂತಲ್ಲ, ಡಾಕ್ಟರನ್ನ ಒಂದ್ ಮಾತ ಕೇಳ್ಕೊಂಡ ಬಾ ಅಣ್ಣಾ, ಇಂಥಾ ಎದಿ ಇದ್ದಾಂವ ಒಂದ್ ಮುಳುಗಿಗೆ ಹೆಂಗ ಸತ್ತ, ಎಳದಾಂವಂದು ತಪ್ಪಲ್ಲ ಅಂತ ಅವ್ರು ಅಂದ್ರ ನಿನ್ನ ಕಾಲ ಮುಟ್ಟತೇನಿ, ಮಂದ್ಯಾಗ ಅಂದೇನಲ್ಲ, ನಿದ್ದಿ ಬರವಲ್ದು ನನಗ. ಕಾಲು ಮುಟ್ಟುತ್ತಾಳಂತೆ. ಅವಳು ಹೋದ ಮೇಲೆ ಹೆಂಡತಿ ತಂಗೆವ್ವ ಒಲೆಯ ಮುಂದಿಂದ ಎದ್ದು ಬಂದಳು, ಏನೂ ಹೇಳಬ್ಯಾಡ್ರಿ, ಸತ್ತಾಂವ ಬರೂದಿಲ್ಲ, ಇದ್ದಾಂವನ ಕೆಲಸಾ ಹೋಗತೈತಿ, ಆಕಿಗೇ ಆ ಕಾಗದ ಒಂದ ಸಮಾಧಾನ ಐತಿ, ಅದನ್ನೂ ಯಾಕ ಕಸಗೋತೀರಿ. ಇಬ್ಬರೂ ಸರಿಯೇ, ಹೆಂಗಸರು ಇಬ್ಬರೂ ಸರಿ, ಇವನು ರಾತ್ರಿಯೆಲ್ಲ ಆ ಮಗ್ಗುಲು ಈ ಮಗ್ಗುಲು, ಕಾಗದ ಇಸಿದುಕೊಂಡು ಸುಮ್ಮನೆ ಬಸ್ಸು ಹತ್ತುವುದು, ಡಾಕ್ಟರರು ತಪ್ಪಲ್ಲ ಅಂದರು ವೈನಿ ಎನ್ನುವುದು, ನಾಲ್ಕು ಶಬ್ದ, ಅವಳು ಬಾಗುತ್ತಾಳೆ, ಆ ಬಳೆಗಳಿಲ್ಲದ ಕೈ ಇವನ ಪಾದಕ್ಕೆ — ಗೌಸಸಾಬ, ಸಂಗೊಳ್ಳಿ, ಗೌಸಸಾಬ ಯಾರ್ರೀ ಎಂದು ಸಪ್ನಾ ಬಾಗಿಲಲ್ಲಿ ನಿಂತು ಕೂಗುತ್ತಾಳೆ, ಗುತ್ತಿಗೆದಾರನ ಆಫೀಸಿನವರು ಹೋದ ವರ್ಷದ ಯಾದಿಯನ್ನೇ ಜೆರಾಕ್ಸ್ ಮಾಡಿ ಕಳಿಸಿದ್ದಾರೆ, ಸತ್ತವನ ಹೆಸರು ತೆಗೆಯುವುದಕ್ಕೂ ಯಾರಿಗೂ ಪುರಸತ್ತಿಲ್ಲ, ಬೆಂಚಿನ ಮೇಲೆ ಯಾರೂ ಏಳುವುದಿಲ್ಲ, ಶಟ್ಟೆಪ್ಪನ ಕಾಲುಗಳು ಏಳುತ್ತವೆ, ಅವನನ್ನು ಕೇಳದೆಯೇ ಎದ್ದು ಒಳಗೆ ನಡೆಯುತ್ತವೆ. ಡಾಕ್ಟರರು ಕನ್ನಡಕ ಏರಿಸುತ್ತಾರೆ, ನೀವು ಈಗ ಊದಿ ಹೋದವರಲ್ಲನ? ಹೌದ್ರಿ ಸಾಹೇಬ್ರ. ಗೌಸಸಾಬ ಅಂದ್ರ ಎದ್ದ ಬಂದೀರಿ? ತಂಗೆವ್ವ ಒಲೆಯ ಮುಂದೆ, ಕಾಶಿಂಬಿ ಹೊಸ್ತಿಲಾಚೆ, ಆ ಬಾಗಿದ ಬೆನ್ನು, ಬೇಡ, ಆ ಕೈ ಕಾಲಿಗೆ ಬೀಳುವುದು ಬೇಡ, ಹೋದ ವರ್ಸ ಅವನ ಹೆಸರಿಗೆ ಊದಿದಾಂವ ನಾನ್ರಿ, ಆ ನಾಕು ಆರು ನಂದ್ರಿ, ಅವಂದು ದಮ್ಮಿನ ಎದಿ ಇತ್ರಿ. ಹೇಳಿದ. ಹೇಳಿಯೇಬಿಟ್ಟ, ಕೆಲಸ ಹೋಯಿತು, ಸಂಜೆಗೆ ಕಾಶಿಂಬಿಯ ಹೊಸ್ತಿಲಿಗೆ ಹೋಗಿ ಇದನ್ನೇ ಹೇಳಬೇಕು. ಡಾಕ್ಟರರ ಮುಖ ಕೆಂಪಾಯಿತು, ಪೆನ್ನು ಮೇಜಿನ ಮೇಲೆ ಕುಕ್ಕಿದರು, ಬುದ್ಧಿ ಐತೇನ್ರಿ ನಿಮಗ, ಒಬ್ಬರ ಉಸರ ಇನ್ನೊಬ್ಬರ ಹೆಸರಿಗೆ ಬರಸ್ತಾರೇನ್ರಿ, ಎಲ್ಲದಾನ ಅವ, ಕರೀರಿ ಅವನ್ನ, ಅವನ ಎದಿ ಅವನ ಊದಲಿ — ಕರೆಯಬೇಕು, ಬಾಯಿ ತೆರೆದಿದ್ದಾನೆ, ಕಾಂಕ್ರೀಟಿನ ಮೇಲೆ ಒದ್ದೆ ಎದೆ, ನರೆತ ಕೂದಲು, ಅವನು ಊದುವುದಿಲ್ಲ ಸಾಹೇಬ್ರ, ಊದುತ್ತಿರುವವನು ಇವನು, ಎದೆ ಏಳುತ್ತದೆ, ಬಾಯಿ ತೆಗೆದರೆ ಇಳಿಯುತ್ತದೆ, ತೆಗೆಯಬಾರದು, ಎದೆ ಏಳುತ್ತದೆ,