ಹೆಗಲ ಟವಲು

ಊರಿನಲ್ಲಿ ಎಲ್ಲರೂ ಅವನನ್ನು ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಹಸು ಕಟ್ಟಿ ಹಾಲು ಮಾರುವವನು. ಹಸುಗಳ ಜೊತೆ ಇದ್ದೂ ಇದ್ದೂ ಅವುಗಳ ನಡಿಗೆಯೇ ಇವನಿಗೂ ಬಂದುಬಿಟ್ಟಿದೆ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಮನೆಗೆ ಬೆಂಕಿ ಬಿದ್ದರೂ ಈತ ಮೊದಲು ಚಪ್ಪಲಿ ಹುಡುಕುತ್ತಾನೆ ಎಂಬುದು ಅವಳ ಮಾತು. ಅಂಥವನು ಇವತ್ತು ಆಸ್ಪತ್ರೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದಿದ್ದ.

ಮಗಳಿಗೆ ತಿಂಗಳು ತುಂಬುವ ಮೊದಲೇ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದರು. ಈಗ ಅವಳಿಗೆ ಮೈ ಸುಡುವ ಜ್ವರ. ಅಳಿಯ ದೂರದ ಕೆಲಸದ ಜಾಗದಿಂದ ಹೊರಟಿದ್ದ, ಬಂದು ಮುಟ್ಟುವುದು ಸಂಜೆಯೇ. ಕೂಸು ಅಂಗೈಗಿಂತ ತುಸು ದೊಡ್ಡದು, ಅಷ್ಟೆ. ಮೈಯಲ್ಲಿ ಬಿಸಿ ನಿಲ್ಲುತ್ತಿರಲಿಲ್ಲ. ಶಾಖದ ಪೆಟ್ಟಿಗೆಯಲ್ಲಿ ಇಟ್ಟು ಕಾಯುತ್ತಿದ್ದರು. ಅಷ್ಟರಲ್ಲಿ ಅದಕ್ಕಿಂತ ಕಷ್ಟದಲ್ಲಿದ್ದ ಇನ್ನೊಂದು ಮಗು ಬಂದಿತ್ತು. ಆ ಸಣ್ಣ ಆಸ್ಪತ್ರೆಯಲ್ಲಿ ಪೆಟ್ಟಿಗೆ ಇದ್ದದ್ದು ಒಂದೇ.

"ಮನೆಯವರು ಯಾರಾದ್ರೂ ಬರೀ ಎದೆ ಮೇಲೆ ಮಗೂನ ಮಲಗಿಸ್ಕೋಬೇಕು ತಾತ," ಎಂದಳು ಶಿಶುವಾರ್ಡಿನ ನರ್ಸು. "ಮನುಷ್ಯರ ಮೈ ಶಾಖಾನೂ ಪೆಟ್ಟಿಗೆ ಶಾಖದ ಹಾಗೇ. ತಾಯಿಗೆ ಜ್ವರ, ಅಜ್ಜಿಗೆ ಕೆಮ್ಮು. ಉಳಿದೋರು ನೀವೇ."

"ನಾನಾ?"

"ನೀವಲ್ದೆ ಇನ್ಯಾರು, ನಿಮ್ಮ ಹಸುನಾ?" ಎಂದಳು ಹೆಂಡತಿ, ಎಂದವಳೇ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದಳು.

ನರ್ಸಿಗೆ ನಗುವ ಪುರುಸೊತ್ತಿರಲಿಲ್ಲ. "ಇದು ಆಗಲಿಲ್ಲ ಅಂದ್ರೆ ಬೇರೆ ಆಸ್ಪತ್ರೆಗೆ ಸಾಗಿಸ್ಬೇಕಾಗುತ್ತೆ. ಈ ಚಳೀಲಿ, ಅಷ್ಟು ದೂರ..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಉಳಿದರ್ಧ ಮೂವರಿಗೂ ಕೇಳಿಸಿತು.

ವಾರ್ಡಿನ ನಲ್ಲಿ ಕೆಟ್ಟಿತ್ತು. ಕೈ ತೊಳೆಯಲು ಓಣಿಯ ತುದಿಯಲ್ಲಿದ್ದ, ಬಂದವರೆಲ್ಲ ಬಳಸುವ ಶೌಚಾಲಯಕ್ಕೇ ಹೋಗಬೇಕಿತ್ತು. ನರ್ಸು ರಟ್ಟಿನ ಡಬ್ಬಿಯ ತಳ ತಡಕಿ ಕೈ ಒರೆಸುವ ದಪ್ಪ ಕಾಗದದ ಎರಡು ಹಾಳೆ ತೆಗೆದು ಕೊಟ್ಟಳು.

"ಇವೆರಡೇ ಉಳಿದಿರೋದು. ಮೊಣಕೈವರೆಗೂ ಸೋಪು ಹಾಕಿ ತೊಳೀರಿ. ಅಲ್ಲಿ ಗೋಡೆ ಮೇಲೆ ಗಾಳಿ ಊದೋ ಮೆಷಿನ್ ಇದೆ, ಅದರ ಕೆಳಗೆ ಕೈ ಹಿಡೀಬೇಡಿ. ಕಕ್ಕಸಿನ ಗಾಳೀನೇ ಎಳ್ಕೊಂಡು ಕೈಗೆ ಊದುತ್ತೆ. ಗೂಟದ ಮೇಲೆ ಯಾರೋ ಬಟ್ಟೆ ನೇತು ಹಾಕಿದಾರೆ, ಅದನ್ನಂತೂ ಮುಟ್ಟಲೇಬೇಡಿ, ಊರೆಲ್ಲ ಒರೆಸಿದ್ದು. ಒಂದು ಹಾಳೇಲಿ ಕೈ ಒರೆಸ್ಕೊಳ್ಳಿ, ಇನ್ನೊಂದು ಹಿಡ್ಕೊಂಡು ನಲ್ಲಿ ನಿಲ್ಲಿಸಿ, ಬಾಗಿಲು ತೆಗೀರಿ. ಒದ್ದೆ ಕೈಲಿ ಮಾತ್ರ ಬರಬೇಡಿ. ಕೊಳೆ ಅಂಟೋದೂ ದಾಟೋದೂ ಒದ್ದೆ ಕೈಯಿಂದಾನೇ ಜಾಸ್ತಿ."

ಈ ಕೊನೆಯ ಮಾತು ನಿಧಾನಪ್ಪನಿಗೆ ನೆಟ್ಟಗೆ ತಲೆಗೆ ಹೋಯಿತು. ಒದ್ದೆ ಕೈಯಲ್ಲಿ ಕರೆದರೆ ಕೆಚ್ಚಲು ಬಾತುಕೊಳ್ಳುತ್ತದೆ ಎಂದು ಹೇಳಿ ಹೇಳಿಯೇ ಅವನ ತಾಯಿ ಅವನಿಗೆ ಹಾಲು ಕರೆಯುವುದನ್ನು ಕಲಿಸಿದ್ದಳು.

ಶೌಚಾಲಯದ ಬಾಗಿಲವರೆಗೂ ಹೆಂಡತಿ ಹಿಂದೆಯೇ ಬಂದಳು. "ಕಾಗದದಲ್ಲಿ ಕೈ ಒರೆಸೋದು ಎಲ್ಲಾದ್ರೂ ಉಂಟಾ? ನಿನ್ನೆ ಕುದಿಸಿ ಒಗೆದು ಬಿಸಿಲಿಗೆ ಹಾಕಿದ ಟವಲು ಹೆಗಲ ಮೇಲೆ ಇದೆಯಲ್ಲ, ಅದಕ್ಕೇನಾಗಿದೆ ರೋಗ?"

ನಿಧಾನಪ್ಪ ಬಾಗಿಲು ನೂಕಿ ಒಳಗೆ ಹೋದ. ಬೆಳಿಗ್ಗೆ ಕರುವಿಗೆ ಭೇದಿಯಾಗಿತ್ತು. ಬಸ್ಸು ಹಿಡಿಯುವ ಅವಸರದಲ್ಲಿ ಕೈಗೆ ಗೋಣಿಚೂರು ಸಿಗದೆ ಈ ಟವಲಿನ ಒಂದು ತುದಿಯಲ್ಲೇ ಅದರ ಬಾಲ ಒರೆಸಿದ್ದ. ಆ ತುದಿಯನ್ನು ಒಳಗೆ ಮಡಿಸಿ ಹೆಗಲಿಗೆ ಹಾಕಿಕೊಂಡು ಬಂದಿದ್ದ. ಅದು ಅವನಿಗೂ ಕರುವಿಗೂ ಮಾತ್ರ ಗೊತ್ತು.

ಒಳಗೆ ನೆಲವೆಲ್ಲ ನೀರು. ಅವನು ಹಾಳೆಗಳನ್ನು ಜೇಬಿನಿಂದ ಇಣುಕುವಂತೆ ಇಟ್ಟುಕೊಂಡು, ಉಗುರಿನ ಸಂದಿಯಿಂದ ಮೊಣಕೈವರೆಗೆ ಕೆಚ್ಚಲು ತೊಳೆಯುವಷ್ಟೇ ಶ್ರದ್ಧೆಯಿಂದ ತೊಳೆದ. ಹೇಳಿದ ಹಾಗೇ ಒರೆಸಿದ, ಹೇಳಿದ ಹಾಗೇ ನಲ್ಲಿ ನಿಲ್ಲಿಸಿ ಬಾಗಿಲು ತೆಗೆದ. ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಓಣಿಯಲ್ಲಿ ನಡೆದು ಬಂದ. ಎದುರಾದವರು ಕಳ್ಳನನ್ನು ಹಿಡಿದು ತರುತ್ತಿದ್ದಾರೇನೋ ಎಂದು ಅವನ ಹಿಂದೆ ನೋಡಿದರು.

ವಾರ್ಡಿನ ಬಾಗಿಲ ಮುಂದೆ ನಿಂತಾಗ ಹಣೆಯಿಂದ ಬೆವರು ಇಳಿದು ಕಣ್ಣಿಗೆ ಬಿತ್ತು. ಚುರ್ರೆಂದಿತು. ಬಲಗೈ ತಾನಾಗಿಯೇ ಹೆಗಲಿಗೆ ಹೋಯಿತು, ಟವಲು ಹಿಡಿಯಿತು, ಹಣೆ ಒರೆಸಿತು, ಮತ್ತೆ ಹೆಗಲಿಗೆ ಹಾಕಿತು. ಇಷ್ಟು ವರ್ಷ ಮಾಡಿದ ಕೆಲಸ, ಅವನನ್ನು ಯಾಕೆ ಕೇಳುತ್ತದೆ? ಮಾಡಿದ್ದು ಅವನಿಗೆ ತಿಳಿದದ್ದೇ ಮುಗಿದ ಮೇಲೆ.

ಯಾರೂ ನೋಡಿರಲಿಲ್ಲ. ಹೆಂಡತಿ ಗೋಡೆಯ ಕಡೆ ತಿರುಗಿ ಕೆಮ್ಮುತ್ತಿದ್ದಳು. ಬಾಗಿಲು ತೆರೆಯಿತು. ನರ್ಸಿನ ತೋಳಿನಲ್ಲಿ ಬಟ್ಟೆಯ ಸುರುಳಿ, ಅದರ ಬಾಯಲ್ಲಿ ಒಂದು ಮುಖ. ತುಟಿಯ ಸುತ್ತ ತೆಳ್ಳಗೆ ನೀಲಿ.

"ಬೇಗ ಬನ್ನಿ ತಾತ. ದೊಡ್ಡ ಡಾಕ್ಟರು ರೌಂಡ್ಸಿಗೆ ಹೊರಟಾಯ್ತು. ಅವರು ಒಳಗೆ ಬಂದ್ರೆ ಬಾಗಿಲು ಹಾಕ್ತೀವಿ, ರೌಂಡ್ಸು ಮುಗಿಯೋವರೆಗೆ ಯಾರನ್ನೂ ಬಿಡಲ್ಲ."

ಹಿಡಿದದ್ದು ಯಾವ ತುದಿ? ಒಳಗೆ ಮಡಿಸಿದ್ದೋ, ಹೊರಗಿನದೋ? ನಿಧಾನಪ್ಪ ಎಷ್ಟು ನೆನೆದರೂ ಬೆರಳುಗಳು ಬಾಯಿ ಬಿಡಲಿಲ್ಲ. ಒಳಗೆ ಕಾಲಿಟ್ಟರೆ ಆಯಿತು, ಮಗು ಬೆಚ್ಚಗಾಗುತ್ತದೆ. ಕಾಲು ಎತ್ತಿದ. ಹಾಗೇ ಇಳಿಸಿದ.

"ತಡಿಯಮ್ಮ. ಟವಲು ಮುಟ್ಟಿಬಿಟ್ಟೆ."

"ಅಯ್ಯೋ, ಅದು ಕುದಿಸಿ ಒಗೆದದ್ದು ಕಣಮ್ಮ," ಎಂದು ಹೆಂಡತಿ ನಡುವೆ ಬಂದಳು. "ನಾನೇ ಒಗೆದಿದ್ದು. ಹಾಲಿನ ಪಾತ್ರೆ ಮುಚ್ಚಬಹುದು, ಹಾಗಿದೆ."

ನರ್ಸು ಮಗುವನ್ನೂ ಓಣಿಯ ತುದಿಯನ್ನೂ ನೋಡಿದಳು. "ಕುದಿಸಿದ್ದಾ? ಹಾಗಿದ್ರೆ..."

"ಬೆಳಿಗ್ಗೆ ಕರು ಭೇದಿ ಮಾಡ್ತು," ಎಂದ ನಿಧಾನಪ್ಪ. "ಇದರಲ್ಲೇ ಒರೆಸಿದೆ."

ನರ್ಸು ಮಗುವಿನ ಸಮೇತ ಹಿಂದಕ್ಕೆ ಸರಿದಳು. ಹೆಂಡತಿ ಟವಲನ್ನು ದಿಟ್ಟಿಸಿ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, "ಬಸ್ಸಲ್ಲಿ ನಾನು ಅಳ್ತಿದ್ದಾಗ ನನ್ನ ಮುಖ ಒರೆಸಿದ್ದೂ ಇದರಲ್ಲೇ ಅಲ್ವಾ?"

"ಅದು ಇನ್ನೊಂದು ತುದಿ."

"ನಿಮ್ಮ ತುದಿಗಿಷ್ಟು!"

"ಜಗಳ ಆಮೇಲೆ," ಎಂದಳು ನರ್ಸು. "ಓಡಿ. ಕಾಗದ ಇಲ್ಲ, ನೆನಪಿರ್ಲಿ. ತಾನಾಗೇ ಒಣಗಬೇಕು. ಡಾಕ್ಟರು ಬರೋವರೆಗೆ ನನ್ನ ಮೈಗೆ ಒತ್ಕೊಂಡಿರ್ತೀನಿ. ಆಮೇಲೆ ಉಳಿದ ಮಕ್ಕಳನ್ನೂ ನೋಡಬೇಕು ನಾನು."

ಟವಲನ್ನು ಹೆಂಡತಿಯ ಕೈಗೆ ಎಸೆದು ನಿಧಾನಪ್ಪ ಓಡಿದ. ಮತ್ತೆ ಸೋಪು, ಮತ್ತೆ ಉಗುರಿನ ಸಂದಿ. ಈ ಸಲ ನಲ್ಲಿಯನ್ನು ಮೊಣಕೈಯಲ್ಲಿ ನೂಕಿ ನಿಲ್ಲಿಸಿದ. ಕೈ ಕೊಡವಿ ತೆರೆದ ಕಿಟಕಿಯ ಹತ್ತಿರ ನಿಂತ. ಪಕ್ಕದಲ್ಲಿ ಲಾರಿ ಡ್ರೈವರನಂಥ ಒಬ್ಬ ಆಳು ಮೆಷಿನ್ನಿನ ಕೆಳಗೆ ಕೈ ಚಾಚಿದ. ಅದು ಕಟ್ಟಿದ ಗೂಳಿಯಂತೆ ಬುಸುಗುಟ್ಟಿತು.

"ಇಲ್ಲಿ ಹಿಡೀರಿ ಯಜಮಾನ್ರೇ, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಒಣಗುತ್ತೆ."

"ಬೇಡಪ್ಪ."

"ದುಡ್ಡೇನೂ ಕೇಳಲ್ಲ ಅದು."

ನಿಧಾನಪ್ಪ ಗಾಳಿ ತಾಗದಂತೆ ಇನ್ನಷ್ಟು ಮೂಲೆಗೆ ಸರಿದ. ಅಂಗೈ ಒಣಗಿತು. ಹಿಂಗೈಯ ಕೂದಲಲ್ಲಿ ಹನಿಗಳು ನಿಂತೇ ಇದ್ದವು. ಬಾಯಲ್ಲಿ ಊದೋಣವೆಂದರೆ ಅದೂ ಭಯ. ಜನ್ಮದಲ್ಲಿ ಮೊದಲ ಸಲ ಅವನಿಗೆ ನಿಧಾನವೆಂಬುದು ಸಾಕುಸಾಕಾಯಿತು.

ಹೆಂಡತಿ ಬಾಗಿಲನ್ನು ಕಾಲಿನಿಂದ ಒತ್ತಿ ತೆರೆದು, ಮುಖ ಅತ್ತ ತಿರುಗಿಸಿ ಕೂಗಿದಳು. "ಡಾಕ್ಟರು ಬಂದ್ರು! ಪಕ್ಕದ ರೂಮಲ್ಲಿದಾರೆ!"

"ಬೆರಳ ಸಂದಿ ಒಣಗಿಲ್ಲ ಕಣೆ."

"ಅಂಗಿಗೆ ಒರೆಸ್ಕೊಂಡು ಬನ್ನಿ!" ಎಂದವಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ತಿದ್ದಿಕೊಂಡಳು. "ಬೇಡ, ಬೇಡ. ಆ ಅಂಗೀಲಿ ಇನ್ನೇನೇನು ಒರೆಸಿದೀರೋ!"

ಅವನು ಬೆರಳುಗಳನ್ನು ಬೀಸಣಿಗೆಯಂತೆ ಅಗಲಿಸಿ ಹಿಡಿದ. ಓಣಿಯಲ್ಲಿ ಬೂಟಿನ ಸದ್ದು ಕೇಳಿಸಿತು. ಆದರೂ ಕದಲಲಿಲ್ಲ. ಕೊನೆಯ ಸಂದಿ ಒಣಗಿದ್ದನ್ನು ಬೆರಳಿಗೆ ಬೆರಳು ಉಜ್ಜಿ ನೋಡಿಕೊಂಡೇ ಹೊರಟ. ಹೆಂಡತಿ ಕಾಲಲ್ಲೇ ಬಾಗಿಲು ಹಿಡಿದಿದ್ದಳು. ಅವಳ ಕೈಯಲ್ಲಿ ಟವಲು ಇರಲಿಲ್ಲ. ಪಕ್ಕದ ಕಸದ ಡಬ್ಬಿಯಿಂದ ಅದರ ಅಂಚು ಇಣುಕುತ್ತಿತ್ತು.

ಡಾಕ್ಟರು ಆಗಲೇ ವಾರ್ಡಿನೊಳಗೆ ಕಾಲಿಟ್ಟಿದ್ದರು. ಬಾಗಿಲು ಇನ್ನೇನು ಮುಚ್ಚುವುದರಲ್ಲಿತ್ತು. ನಿಧಾನಪ್ಪ ಕೈ ಎತ್ತಿ ಹಿಡಿದೇ ಓಡಿದ. ಒಳಗಿನಿಂದ ಒಂದು ಚಪ್ಪಲಿಯ ತುದಿ ಬಾಗಿಲಿಗೆ ಅಡ್ಡ ಬಂತು.

"ಕೈ," ಎಂದಳು ನರ್ಸು.

ಅವನು ಮುಂದೆ, ಹಿಂದೆ, ಬೆರಳು ಅಗಲಿಸಿ ತೋರಿಸಿದ. ಅವಳ ಕಣ್ಣು ಕೈಯಿಂದ ಟವಲಿಲ್ಲದ ಹೆಗಲಿಗೆ ಹೋಗಿ ಬಂತು. "ಅಂಗಿ ನೀವು ಮುಟ್ಟಬೇಡಿ," ಎಂದು ಆಯಾಳನ್ನು ಕರೆದಳು. ಆಯಾ ಅವನ ಗುಂಡಿ ಬಿಚ್ಚಿ, ಎದೆಯನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ, ಒರಗು ಕುರ್ಚಿಯಲ್ಲಿ ಕೂರಿಸಿದಳು.

ಮಗು ಎದೆಗೆ ತಾಗಿದಾಗ ಅವನು ಬೆಚ್ಚಿದ. ಮಳೆಗೆ ಸಿಕ್ಕ ಹಕ್ಕಿಮರಿಯಂತೆ ತಣ್ಣಗಿತ್ತು. ಅದರ ಬೆನ್ನಿನ ಮೇಲೆ ಒಂದು ಕೈ, ಕೆಳಗೆ ಒಂದು ಕೈ, ಮೇಲೊಂದು ಹೊದಿಕೆ. ಡಾಕ್ಟರು ಬಂದು ತುಟಿಯ ಬಣ್ಣ ನೋಡಿ, "ಇರಲಿ, ಹೀಗೇ ಇರಲಿ. ಸ್ವಲ್ಪ ಹೊತ್ತು ಬಿಟ್ಟು ನೋಡಿ ಸಾಗಿಸೋದಾ ಬೇಡವಾ ಹೇಳ್ತೀನಿ," ಎಂದು ಮುಂದೆ ಹೋದರು.

ಗಾಜಿನ ಆಚೆ ಹೆಂಡತಿ ಕೆಮ್ಮನ್ನು ನುಂಗುತ್ತ ನಿಂತಿದ್ದಳು. ನಿಧಾನಪ್ಪನ ಹಣೆಯಲ್ಲಿ ಮತ್ತೆ ಬೆವರು ಕೂಡಿತು. ಒಂದು ಹನಿ ಹುಬ್ಬು ದಾಟಿ ಕಣ್ಣಿಗೆ ಇಳಿಯಿತು. ಬಲಗೈಯ ಬೆರಳುಗಳು ಮಗುವಿನ ಬೆನ್ನಿನ ಮೇಲೆ ಒಮ್ಮೆ ಅಲುಗಿ, ಅಲ್ಲೇ ನಿಂತವು. ಉರಿಯುತ್ತಿದ್ದ ಕಣ್ಣನ್ನು ಅವನು ಹಾಗೇ ಮುಚ್ಚಿಕೊಂಡ. ಹನಿ ಕೆನ್ನೆಯ ಮೇಲೆ ತನ್ನ ಪಾಡಿಗೆ ತಾನು ಹರಿಯಿತು. ಸ್ವಲ್ಪ ಹೊತ್ತಾದ ಮೇಲೆ ನರ್ಸು ಹೊದಿಕೆಯೊಳಗೆ ಕೈ ತೂರಿಸಿ ಮಗುವಿನ ಪಾದ ಮುಟ್ಟಿ ನೋಡಿದಳು. ಆಮೇಲೆ ಗಾಜಿನ ಆಚೆಗೆ ತಿರುಗಿ, ಅಜ್ಜಿಗೆ ಕಾಣುವಂತೆ, ಬೆಚ್ಚಗಾಗುತ್ತಿದೆ ಎಂಬಂತೆ ತಲೆಯಾಡಿಸಿ ಸಣ್ಣಗೆ ನಕ್ಕಳು.